ಕಾಯಿಲೆ ಬೀಳದ ರಾಜ ಎಲ್ಲಿ ಸಿಗ್ತಾನೆ?

"ಬಾಯಿ ತೆಗೀರಿ ಕ್ಯಾಪ್ಟನ್ನೋರೇ... ಆ ಅನ್ನಿ, ಆ!"

ಬ್ಯೂಟಿ ಪಾರ್ಲರಿನ ಮಿಹ್ಯಾಂಗ್ ಎಳೆಯ ಎಲೆಕೋಸಿನ ಎಲೆಯಲ್ಲಿ ಖಾರದ ಮಸಾಲೆ ಸುತ್ತಿ, ಎಲ್ಲರೆದುರಿಗೇ ದಾಲ್ಸುವಿನ ಬಾಯಿಗಿಟ್ಟಳು. ಆ ಮನುಷ್ಯನೂ ಒಂಚೂರು ನಾಚಿಕೆಯಿಲ್ಲದೆ ಬಾಯಿ ತೆರೆದ!

ಜಂಗ್ರಾನ್ ಹೆಚ್ಚುತ್ತಿದ್ದ ಮೂಲಂಗಿ ಅರ್ಧಕ್ಕೇ ನಿಂತಿತು.

ಮೊಕ್ಪೋ ಬಂದರಿನ ಹಿಂದಿರುವ ಆ ಓಣಿಯಲ್ಲಿ, ಚಳಿಗಾಲಕ್ಕೆಂದು ಕಿಮ್ಚಿ, ಅಂದರೆ ಎಲೆಕೋಸಿನ ಖಾರದ ಉಪ್ಪಿನಕಾಯಿ, ಹಾಕುವ ದಿನವೆಂದರೆ ಮದುವೆಮನೆಯ ಗದ್ದಲ. ಹೆಂಗಸರು ಒಂದೇ ಅಂಗಳದಲ್ಲಿ ಕೂತು ಮಸಾಲೆ ಹಚ್ಚುತ್ತಾರೆ, ಗಂಡಸರು ಬುಟ್ಟಿ ಹೊರುತ್ತಾರೆ. ದಣಿದ ಗಂಡನ ಬಾಯಿಗೆ ಹೆಂಡತಿ ಒಂದು ಎಲೆ ಇಟ್ಟರೆ ಯಾರೂ ತಿರುಗಿ ನೋಡುವುದಿಲ್ಲ. ಬೇರೆಯವಳು ಇಟ್ಟರೆ ಮಾತ್ರ ಇಡೀ ಓಣಿಗೆ ಹಬ್ಬ.

"ಪಾಪ, ತಿನ್ಲಿ ಬಿಡಿ," ಎಂದು ಮಿಹ್ಯಾಂಗ್ ನಕ್ಕಳು. "ನಿನ್ನೆ ಧಾರಾವಾಹೀಲಿ ರಾಜ ಪ್ರಾಣ ಬಿಟ್ಟಾಗ, ನನ್ನ ಪಾರ್ಲರಲ್ಲಿ ಕೂತು ಎಷ್ಟು ಅತ್ರು ಗೊತ್ತಾ ಇವ್ರು!"

ಜಂಗ್ರಾನ್ ತಟ್ಟನೆ ತಲೆಯೆತ್ತಿದಳು. ನಿನ್ನೆ?... ಪಾರ್ಲರಲ್ಲಿ?... ಧಾರಾವಾಹಿ?!

ಅವಳ ಅಂಗಡಿಯ ಚಾಪೆಯ ಮೇಲೆ ಕೂತು ಧಾರಾವಾಹಿ ನೋಡುವ ಅವರಿಬ್ಬರ ಮಧ್ಯಾಹ್ನಗಳು ವಸಂತದಲ್ಲಿ ಶುರುವಾಗಿದ್ದವು. ಜಂಗ್ರಾನ್ ಅನ್ನದ ಜೊತೆ ನೆಂಚಿಕೊಳ್ಳುವ ಪಲ್ಯ, ಉಪ್ಪಿನಕಾಯಿಗಳ ಅಂಗಡಿ ಇಟ್ಟವಳು. ಮಗಳು ಸುಜಿನ್ ಬೇರೆ ಊರಿನಲ್ಲಿ, ಗಂಡ ತೀರಿಕೊಂಡ ಮೇಲೆ ಒಂಟಿ. ದಾಲ್ಸು ದ್ವೀಪಗಳಿಗೆ ಹಡಗು ನಡೆಸಿ ನಿವೃತ್ತನಾದವನು, ಮದುವೆಯ ಮಾತೇ ಎತ್ತದವನು. ಒಂದು ದಿನ ಸೊಪ್ಪಿನ ಪಲ್ಯ ಕೊಳ್ಳಲು ಬಂದವನ ಹತ್ತಿರ ಅವಳೇ ಗೊಣಗಿದ್ದಳು.

"ಟೀವೀಲಿ ನೋಡೋಕೆ ಏನಿದೆ ಹೇಳಿ? ರಾಜರ ಕಥೆ ಅಂತಾರೆ, ಮೀಸೆ ಬಾರದ ಹುಡುಗ್ರು ತುಟಿಗೆ ಬಣ್ಣ ಹಚ್ಕೊಂಡು ಕುಣೀತಾರೆ! ಬಾಳು ಕಂಡೋರ ಕಥೆ ಬೇಕು ನಂಗೆ."

"ಹುಡುಕ್ತೀನಿ, ಸುಜಿನ್ ಅಮ್ಮ," ಎಂದಿದ್ದ ಅವನು.

ಮೊದಲು ಅವನು ಪೆನ್‌ಡ್ರೈವಿನಲ್ಲಿ ತಂದ ಧಾರಾವಾಹಿಯಲ್ಲಿ ರಾಜ ಹಾಸಿಗೆ ಹಿಡಿದಿದ್ದ. ರಾಣಿ ಅವನ ತಲೆಯೆತ್ತಿ ಕಷಾಯದ ಬಟ್ಟಲನ್ನು ತುಟಿಗೆ ಹಿಡಿದಳು. ಜಂಗ್ರಾನ್ ತಟ್ಟನೆ ಎದ್ದು ಟೀವಿ ಆರಿಸಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯಲು ಒಳಗೆ ಹೋಗಿದ್ದಳು. ಅವನು ಏನೂ ಕೇಳಲಿಲ್ಲ. ಮರುದಿನ ಬೇರೆಯದನ್ನು ತಂದ, ಅದು ಮುಗಿದಾಗ ಇನ್ನೊಂದು. ಮುಪ್ಪಿನ ದಂಡನಾಯಕರು, ಅರಮನೆಯ ಅಡುಗೆಯ ಹೆಂಗಸರು, ಹಟಮಾರಿ ರಾಜಮಾತೆಯರು... ಅವಳ ಮಧ್ಯಾಹ್ನಗಳಿಗೆ ಮತ್ತೆ ಮಾತು ಬಂದಿತ್ತು.

ಆದರೆ ಈಚೆಗೆ ಅವನು ಬರುವುದನ್ನೇ ಬಿಟ್ಟಿದ್ದ. "ಒಳ್ಳೇದು ಒಂದೂ ಸಿಗ್ತಿಲ್ಲ, ಹುಡುಕ್ತಾ ಇದೀನಿ," ಎಂದು ಅಂಗಡಿಯ ಬಾಗಿಲಲ್ಲೇ ನಿಂತು ಹೇಳಿ ಹೋಗುತ್ತಿದ್ದ.

ಹುಡುಕುತ್ತಿದ್ದದ್ದು ಪಾರ್ಲರಿನಲ್ಲೇ? ಅದೂ ಮಿಹ್ಯಾಂಗ್ ಪಕ್ಕ ಕೂತು!

'ನಂಗ್ಯಾಕೆ ಉರೀಬೇಕು? ಅವರೇನು ನನ್ನ ಗಂಡನಾ?' ಎಂದು ತನ್ನನ್ನೇ ಗದರಿಕೊಂಡಳು. ಹೊಟ್ಟೆಕಿಚ್ಚು ಕೇಳಬೇಕಲ್ಲ! ಮಿಹ್ಯಾಂಗಳ ಗುಂಗುರು ಕೂದಲು, ಅವಳ ನಗು, ಕೊನೆಗೆ ಅವಳು ಕಟ್ಟಿದ್ದ ಹೂವಿನ ಏಪ್ರನ್ ಕೂಡ ಕಣ್ಣಿಗೆ ಚುಚ್ಚಿತು. ಅವಳು ಕೈಯಲ್ಲಿದ್ದ ಮೂಲಂಗಿಯನ್ನು ಬುಟ್ಟಿಗೆಸೆದು ಎದ್ದಳು.

"ಸುಜಿನ್ ಅಮ್ಮ, ಉಪ್ಪು ಸಾಕಾ ನೋಡಿ..." ದಾಲ್ಸು ಹತ್ತಿರ ಬಂದ.

"ನನ್ನನ್ಯಾಕೆ ಕೇಳ್ತೀರಿ? ಬಾಯಿಗಿಟ್ಟೋರನ್ನೇ ಕೇಳಿ!"

ಅಂಗಳದ ಹೆಂಗಸರೆಲ್ಲ ಇತ್ತ ತಿರುಗಿದರು.

"ಏನಾಯ್ತು ಈಗ?"

"ಏನೂ ಆಗಿಲ್ಲ! ನಂಗೆ ಧಾರಾವಾಹಿ ಸಿಗ್ತಿಲ್ಲ ಅಂದ್ರಿ. ಅಲ್ಲಿ ರಾಜನ ಸಾವಿಗೆ ಜೋಡಿಯಾಗಿ ಕೂತು ಅಳ್ತಿದ್ರಂತೆ! ಸೇರಿ ಅಳೋಕೆ ಪಾರ್ಲರೇ ಬೇಕಿತ್ತಾ? ನನ್ನ ಚಾಪೆ ಚುಚ್ತಿತ್ತಾ?"

ಯಾರೋ ಕಿಸಕ್ಕೆಂದರು. ಜಂಗ್ರಾನ್ ಮುಖ ಮಸಾಲೆಗಿಂತ ಕೆಂಪಾಯಿತು. ಅಯ್ಯೋ, ಈ ವಯಸ್ಸಿನಲ್ಲಿ ಇದೆಂಥ ಮಾತಾಡಿಬಿಟ್ಟೆ! ಅವಳು ಸರಸರನೆ ತನ್ನ ಅಂಗಡಿಯ ಕಡೆ ನಡೆದಳು.

ಹಿಂದೆಯೇ ಮಿಹ್ಯಾಂಗ್ ದನಿ ಬಂತು. "ಹೋಗ್ರೀ ಕ್ಯಾಪ್ಟನ್ನೋರೇ! ಈಗ್ಲಾದ್ರೂ ಬಾಯ್ಬಿಟ್ಟು ಹೇಳ್ರೀ ಆ ಹುಚ್ಚಿಗೆ!"

ಅವನು ಏದುಸಿರು ಬಿಡುತ್ತಾ ಅಂಗಡಿಯೊಳಗೆ ಬಂದ. ಅವಳು ಬೆನ್ನು ತಿರುಗಿಸಿ ನಿಂತಳು.

"ನೀವವತ್ತು ಟೀವಿ ಆರಿಸಿದ್ರಲ್ಲ... ಕಷಾಯದ ಬಟ್ಟಲು ಬಂದಾಗ..." ಎಂದು ತಡವರಿಸಿದ. "ನಿಮ್ಮ ಯಜಮಾನರಿಗೆ ಕೊನೇವರೆಗೂ ನೀವೇ ಕುಡಿಸ್ತಿದ್ರಿ ಅಂತ ಆಮೇಲೆ ತಿಳೀತು. ಅವತ್ತಿಂದ ಪ್ರತಿಯೊಂದನ್ನೂ ಕೊನೇತನಕ ನಾನೇ ಮೊದ್ಲು ನೋಡಿ ತರ್ತಿದ್ದೆ."

ಅವಳು ಮೆಲ್ಲನೆ ತಿರುಗಿದಳು. "ಪ್ರತಿಯೊಂದನ್ನೂ...?"

"ಮತ್ತೇನು ಮಾಡ್ಲಿ? ನಮ್ಮ ರಾಜರ ಕಥೇಲಿ ಕಾಯಿಲೆ ಬೀಳದ ರಾಜ ಎಲ್ಲಿ ಸಿಗ್ತಾನೆ ಹೇಳಿ! ಒಬ್ಬನಿಗೆ ಕಷಾಯ, ಇನ್ನೊಬ್ಬಳಿಗೆ ವಿಷ! ಅವೆಲ್ಲ ಇಲ್ಲದ ನಾಕಾರು ಮುಗಿದ್ಹೋದ್ವು. ಉಳಿದಿದ್ರಲ್ಲಿ ಯಾವ್ದು ನಿಮ್ಮ ಎದೆಗೆ ಚುಚ್ಚುತ್ತೆ, ಯಾವ್ದು ಪರವಾಗಿಲ್ಲ ಅಂತ ಈ ಗಂಡು ಬುದ್ಧಿಗೆ ಹೊಳೀಲಿಲ್ಲ. ಮಿಹ್ಯಾಂಗೂ ಗಂಡನ್ನ ಕಳ್ಕೊಂಡೋಳು. ಅದಕ್ಕೇ ಅವಳನ್ನ ಕೇಳ್ದೆ."

ಜಂಗ್ರಾನ್ ಕಣ್ಣು ತುಂಬಿಬಂತು. ಇಷ್ಟು ದಿನ ಅದೃಷ್ಟ ಎಂದುಕೊಂಡಿದ್ದಳಲ್ಲ... ಅವಳ ಮಧ್ಯಾಹ್ನಗಳಲ್ಲಿ ಯಾರೂ ನರಳದೆ ಹೋದದ್ದು ಬರೀ ಅದೃಷ್ಟವೆಂದು!

"ನೇರವಾಗಿ ಹೇಳೋಕಾಗ್ತಿರ್ಲಿಲ್ವಾ?"

"ಬಿರುಗಾಳೀಲಿ ಹಡಗು ನಡೆಸೋಕೆ ಬರುತ್ತೆ. ನೀವಂದ್ರೆ ಇಷ್ಟ ಅಂತ ಹೇಳೋಕೆ ಬರಲ್ಲ."

ಹೇಳಿಯೇಬಿಟ್ಟೆನೆಂದು ಆಮೇಲೆ ಅವನಿಗೇ ಅರಿವಾಯಿತು. ಕಿವಿ ಕೆಂಪಾಗಿ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಜಂಗ್ರಾನ್ ಕೈಗವಸು ಕಳಚಿ ತೋಳಿನಿಂದಲೇ ಕಣ್ಣೊರೆಸಿಕೊಂಡಳು.

"ನಿನ್ನೆ ನೋಡಿದ್ರಲ್ಲ, ರಾಜ ಸಾಯೋದು. ಅದನ್ನೇ ಹಾಕಿ."

"ಬೇಡ. ಅದ್ರಲ್ಲಿ ಕಷಾಯ ಇದೆ."

"ಇರ್ಲಿ. ಅವರು ಹೋದಾಗ ನಂಗೆ ಅಳೋಕೂ ಪುರುಸೊತ್ತಿರ್ಲಿಲ್ಲ. ಈಗ ಅಳ್ತೀನಿ."

"ಆಗ... ನಾನೇನು ಮಾಡ್ಲಿ?"

"ಎದ್ದು ಹೋಗ್ಬೇಡಿ."

ಅವನು ಚಾಪೆಯ ಮೇಲೆ ಅವಳ ಪಕ್ಕದಲ್ಲಿ ಕೂತ. ಕೈ ಹಿಡಿಯಲೋ ಬೇಡವೋ ಎಂದು ಯೋಚಿಸುತ್ತಿರುವಾಗಲೇ ಅವಳು ಹಿಡಿದುಕೊಂಡಳು.

"ಕಥೆ ಮುಗಿದ ಮೇಲೆ?" ಎಂದು ಮೆಲ್ಲನೆ ಕೇಳಿದ.

"ಮುಗಿದ ಮೇಲೂ ಹೋಗ್ಬೇಡಿ."