ಉಚ್ಚಂಗಿದುರ್ಗದ ಹುಣ್ಣಿಮೆ

"ಅಲ್ಲೇ ನಿಲ್ರಿ! ಅಲುಗಾಡಬ್ಯಾಡ್ರಿ!"

ಕಸ್ತೂರಿ ಬೆಚ್ಚಿಬಿದ್ದಳು. ಉಚ್ಚಂಗಿದುರ್ಗದ ಬಂಡೆಗಳ ಮೇಲೆ ಸಂಜೆಯ ಕೆಂಪು ಇನ್ನೂ ಉಳಿದಿತ್ತು. ಅವಳ ಬೆನ್ನ ಹಿಂದೆ ಹುಣ್ಣಿಮೆಯ ಚಂದ್ರ ಮೇಲೇಳುತ್ತಿದ್ದ. ಎದುರಿಗೆ ಕ್ಯಾಮೆರಾ ಹಿಡಿದ ಯುವಕ; ಅವನ ಹೆಗಲ ಚೀಲದ ಮೇಲೆ ದಾವಣಗೆರೆ ಮಂಡಿಪೇಟೆಯ ಸ್ಟುಡಿಯೋ ಒಂದರ ಹೆಸರು.

ಕ್ಲಿಕ್!

"ನನ್ನ ಫೋಟೋ ತೆಗೆದ್ರೇನ್ರಿ?"

"ಗುಡ್ಡದ ಮ್ಯಾಲಿನ ಚಂದ್ರನ್ನ ತೆಗೀತಿದ್ದೆ. ನೀವು ನಡುವೆ ಬಂದ್ರಿ... ಭಾಳ ಚೆಂದ ಕಾಣಿಸ್ತು."

ಹರಿಹರದ ಕಸ್ತೂರಿಗೆ ಮನೆಯಲ್ಲಿ ಗಂಡು ನೋಡುತ್ತಿದ್ದರು. ಅತ್ತಿಗೆ ಕಮಲಕ್ಕನ ತವರು ಗುಡ್ಡದ ಕೆಳಗೇ ಇದ್ದುದರಿಂದ ಇಬ್ಬರೂ ದೇವಿಗೆ ಕೈಮುಗಿಯಲು ಬಂದಿದ್ದರು; ಕಮಲಕ್ಕ ಇನ್ನೂ ಗುಡಿಯೊಳಗೇ ಇದ್ದಳು.

"ನಾಳೆ ದಾವಣಗೆರೆ ಸ್ಟುಡಿಯೋದಾಗ ತೂಗುಹಾಕ್ತೀರಿ. ಅಪ್ಪಾರು ನೋಡಿದ್ರೆ ನನ್ನ ಗತಿ?" ಅವಳ ಕಣ್ಣು ತುಂಬಿತು.

ಅವನು ಕ್ಯಾಮೆರಾ ತೆರೆದು ಫಿಲಂ ಸುರುಳಿಯನ್ನೇ ಹೊರಗೆಳೆದುಬಿಟ್ಟ!

"ಬೆಳಕು ಬಿತ್ತು. ಇನ್ನ ಇದರಾಗ ಯಾರೂ ಇಲ್ರಿ. ಅಳಬ್ಯಾಡ್ರಿ."

ಕಸ್ತೂರಿ ನಿಟ್ಟುಸಿರುಬಿಟ್ಟಳು. ಆದರೆ ಮೆಟ್ಟಿಲಿಳಿಯುವಾಗ ಮನಸ್ಸು ಚುಚ್ಚಿತು.

ಸೀರೆ ತರಲು ದಾವಣಗೆರೆಗೆ ಹೋದಾಗ ತಡೆಯಲಾಗದೆ ಮಂಡಿಪೇಟೆಯ ಆ ಸ್ಟುಡಿಯೋ ಹೊಕ್ಕು, ಗುಡ್ಡದ ಮೇಲೆ ಕಂಡ ಯುವಕನ ಬಗ್ಗೆ ವಿಚಾರಿಸಿದಳು.

"ಕರಿಬಸವರಾಜನಾ?" ಮಾಲೀಕ ಖಾಜಾ ಹುಸೇನ್ ತಲೆಯಾಡಿಸಿದರು. "ಗುಡ್ಡದ ಮ್ಯಾಲಿನ ಹುಣ್ಣಿಮೆ ಚಂದ್ರನ ಒಂದು ಚಿತ್ರಕ್ಕೆ ಮಳೆಗಾಲ ಪೂರ್ತಿ ಕಾದಿದ್ದನಮ್ಮಾ. ಕ್ಯಾಲೆಂಡರ್ ಮಾಡೋರು ಅದನ್ನ ಕೇಳಿದ್ರು. ಫಿಲಂ ಹೆಂಗೆ ಹಾಳಾತೋ, ಬಾಯೇ ಬಿಡವಲ್ಲ. ಇನ್ನ ಕ್ಯಾಮೆರಾ ಮುಟ್ಟೋದಿಲ್ಲ ಅಂತಾನ."

'ನನ್ನ ಸುದ್ದಿ ಯಾರಿಗೂ ಹೇಳಿಲ್ಲ... ನಾನೇ ಅವರನ್ನ ತಪ್ಪು ತಿಳಿದೆ!'

ಮುಂದಿನ ಹುಣ್ಣಿಮೆಗೆ ಕ್ಷಮೆ ಕೇಳಲೆಂದೇ ಕಮಲಕ್ಕನನ್ನು ಕಾಡಿ ಗುಡ್ಡ ಹತ್ತಿ, ಅವಳನ್ನು ಗುಡಿಯಲ್ಲಿ ಬಿಟ್ಟು ಅದೇ ಬಂಡೆಗಳ ಬಳಿ ಬಂದಳು. ಸೂರ್ಯ ಮುಳುಗಿದ. ಚಂದ್ರ ಮೂಡಿದ. ಅವನಿಲ್ಲ. ಕಸ್ತೂರಿ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು.

"ಯಾಕ್ರಿ, ಮತ್ತೆ ಅಳ್ತಿದ್ದೀರಿ?"

ಏದುಸಿರು ಬಿಡುತ್ತ ಕರಿಬಸವರಾಜ ನಿಂತಿದ್ದ. ಹೆಗಲಲ್ಲಿ ಕ್ಯಾಮೆರಾ!

"ಬಸ್ಸು ಪಂಚರ್ ಆತು. ಓಡಿ ಬಂದೆ."

"ತಪ್ಪಾತ್ರಿ ನಂದು... ಕ್ಯಾಮೆರಾನೇ ಬಿಟ್ರಿ ಅಂದ್ಕೊಂಡಿದ್ದೆ!" ಅಳುವಿನಲ್ಲೇ ಅವಳಿಗೆ ನಗು ಬಂತು. ಎದೆಯ ಭಾರವೆಲ್ಲ ಇಳಿದಂತಾಯಿತು.

"ಬಿಟ್ಟಿದ್ದೆ. ನೀವು ನನ್ನ ಕೇಳ್ಕೊಂಡು ಬಂದಿದ್ರಿ ಅಂತ ಸ್ಟುಡಿಯೋ ಸಾಹೇಬ್ರು ಹೇಳಿದ್ರು... ಮನಸ್ಸು ತಡೀಲಿಲ್ಲ." ಅವನು ದನಿ ತಗ್ಗಿಸಿದ. "ಇನ್ನೂ ಚೂರು ಬೆಳಕೈತೆ. ನಿಲ್ತೀರಾ? ಈ ಸಲ ಕೇಳೇ ತೆಗೀತೀನಿ."

"ಚಂದ್ರನ್ನ ತೆಗೀರಿ. ನನ್ನ ಬೇಕಂದ್ರೆ... ಹರಿಹರಕ್ಕೆ ಬಂದು ಅಪ್ಪಾರನ್ನ ಕೇಳ್ರಿ."

"ಏನಂತ? ಫೋಟೋ ತೆಗೀಲಾ ಅಂತಾನಾ?"

ಕಸ್ತೂರಿ ತಲೆ ತಗ್ಗಿಸಿದಳು.

"ಬರೀ ಫೋಟೋ ಕೇಳಾಕ ಅಷ್ಟು ದೂರ ಬರ್ತೀರೇನ್ರಿ?"