ಅರ್ಧ ಸುತ್ತಿಗೊಮ್ಮೆ ಬಿಗಿ

ಕನ್ನಡಿ ಒಡೆದ ಸದ್ದಿಗೆ ನಾನೂ ಅಪ್ಪನೂ ಗಾಜಿನಂಗಡಿಯಿಂದ ಹೊರಗೆ ಓಡಿದೆವು. ನಮ್ಮ ಹಳೇ ಪಿಕಪ್ ಗಲ್ಲಿಯ ತಿರುವಿನಲ್ಲಿ ಮೂಲೆಯ ಕಲ್ಲಿಗೆ ಮೂತಿ ಗುದ್ದಿ ನಿಂತಿತ್ತು. ನೃತ್ಯಶಾಲೆಗೆಂದು ಅಪ್ಪ ಕೊಯ್ದು ಸಿದ್ಧಮಾಡಿದ್ದ ಗೋಡೆಯಗಲದ ಕನ್ನಡಿ ಹಿಂದುಗಡೆ ಚೂರುಚೂರು. ಅಕ್ಕನ ಗಂಡ, ನಮ್ಮ ಭಾವ, ಇನ್ನೂ ಸ್ಟೀರಿಂಗ್ ಹಿಡಿದೇ ಕೂತಿದ್ದರು.

ಅಪ್ಪ ಬಾಗಿಲು ತೆಗೆದವರೇ ಅವರ ಮುಖದ ಹತ್ತಿರ ಬಗ್ಗಿದರು.

“ಊದು.”

ಭಾವ ಊದಿದರು.

“ಏನೋ ವಾಸನೆ ಇದೆ.”

“ಇಲ್ಲ ಮಾವ! ಸ್ಟೀರಿಂಗ್ ಹಿಡ್ಕೊಂಡುಬಿಡ್ತು. ತಿರುಗಲೇ ಇಲ್ಲ.”

“ಕುಡಿದವನಿಗೆ ಲೋಕವೆಲ್ಲ ತಿರುಗುತ್ತೆ, ಸ್ಟೀರಿಂಗ್ ಮಾತ್ರ ತಿರುಗಲ್ಲ, ಅಲ್ವಾ? ಸಂಜೆಯೊಳಗೆ ಮನೆ ಬಿಡು.”

ಭಾವ ಕುಡಿತ ಬಿಟ್ಟು ವರ್ಷದ ಮೇಲಾಗಿತ್ತು. ಬಿಟ್ಟ ಮೇಲೆಯೇ ಅಪ್ಪ ಅವರನ್ನೂ ಅಕ್ಕನನ್ನೂ ಅಂಗಡಿಯ ಹಿಂದಿನ ನಮ್ಮ ಮನೆಗೆ ಕರೆತಂದು, ಪಿಕಪ್ ಓಡಿಸುವ ಕೆಲಸ ಕೊಟ್ಟಿದ್ದು. ಮತ್ತೆ ಬಾಟಲಿ ಮುಟ್ಟಿದರೆ ನಿನ್ನ ದಾರಿ ನಿನಗೆ ಎಂದು ಅಕ್ಕನೂ ಆಗಲೇ ಹೇಳಿದ್ದಳು. ಈಗ ಅವಳು ಒಂದು ಮಾತೂ ಆಡಲಿಲ್ಲ. ಒಳಗೆ ಹೋಗಿ ಗಂಡನ ಅಂಗಿಗಳನ್ನು ಮಡಿಸತೊಡಗಿದಳು. ಅತ್ತಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಗಾಜು ಗುಡಿಸಲು ಹೋಗಿ ಬೆರಳು ಕೊಯ್ದುಕೊಂಡೆ. ಅಂಗಡಿಗೆ ಹೋದೆ, ಮನೆಗೆ ಬಂದೆ, ಮತ್ತೆ ಅಂಗಡಿಗೆ ಹೋದೆ. ಕೊನೆಗೆ ಮಹಡಿ ಹತ್ತಿ ಅತ್ತೆಯ ಬಾಗಿಲು ತಟ್ಟಿದೆ.

ಅತ್ತೆ ಎಂದರೆ ಅಪ್ಪನ ಅಕ್ಕ. ವಿಮಾ ಕಂಪನಿಗೆ ಜಖಂಗೊಂಡ ವಾಹನಗಳ ತನಿಖೆ ಮಾಡುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವರು. ಮನೆಯಲ್ಲಿ ಸಕ್ಕರೆ ಡಬ್ಬಿ ಖಾಲಿಯಾದರೂ ಸಾಕ್ಷಿ ಕೇಳುತ್ತಾರೆ. ಬೆನ್ನ ಹಿಂದೆ ನಾವು ಅವರನ್ನು ಸಿಐಡಿ ಅನ್ನುತ್ತೇವೆ. ಅದೂ ಅವರಿಗೆ ಗೊತ್ತು.

“ಕುಡಿದಿದ್ನಾ?” ಅತ್ತೆ ಕೇಳಿದರು.

“ನನಗೆ ಗೊತ್ತಿಲ್ಲ ಅತ್ತೆ.”

“ನಿಮ್ಮಪ್ಪನಿಗೆ ಗೊತ್ತಾ?”

“ವಾಸನೆ ಇತ್ತಂತೆ.”

“ಯಾವುದರ ವಾಸನೆ?”

ಅದನ್ನು ಯಾರೂ ಕೇಳಿರಲಿಲ್ಲ.

ನಾನೂ ಅತ್ತೆಯೂ ಕೆಳಗಿಳಿದು ಬರುವಷ್ಟರಲ್ಲಿ ಪಿಕಪ್ಪನ್ನು ಎದುರಿನ ಮೆಕ್ಯಾನಿಕ್‌ನ ಶೆಡ್ಡಿಗೆ ತಳ್ಳಿ ನಿಲ್ಲಿಸಿದ್ದರು. ಭಾವ ಒಂದು ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಅಪ್ಪ ಕೈಕಟ್ಟಿ ಬಾಗಿಲಲ್ಲೇ ನಿಂತಿದ್ದರು.

“ಗಾಡಿದೇನೂ ತಪ್ಪಿಲ್ಲಮ್ಮ,” ಎಂದ ಮೆಕ್ಯಾನಿಕ್. “ಟೈರಲ್ಲಿ ಗಾಳಿ ಇದೆ. ಪವರ್ ಸ್ಟೀರಿಂಗ್ ಆಯಿಲ್ ಇದೆ. ಬೆಲ್ಟ್ ಬಿಗಿಯಾಗಿದೆ.”

“ಕೇಳಿಸ್ತಾ?” ಎಂದರು ಅಪ್ಪ.

“ನಿನ್ನ ಸರದಿ ಇನ್ನೂ ಬಂದಿಲ್ಲ, ಸುಮ್ನಿರು,” ಎಂದು ಅತ್ತೆ ಭಾವನ ಕಡೆ ತಿರುಗಿದರು. “ಯಾವಾಗಿಂದ ಬಿಗಿ?”

“ಕೆಲವು ವಾರದಿಂದ. ಮಾವನಿಗೆ ಹೇಳಿದ್ದೆ.”

“ನೆವ ಹೇಳೋದಕ್ಕೇನು ಕಮ್ಮಿ!” ಅಪ್ಪ ಸುಮ್ಮನಿರುವ ಜಾತಿಯಲ್ಲ.

“ಪೂರ್ತಿ ಬಿಗೀನಾ? ಅಲ್ಲಲ್ಲಿ ಬಿಗೀನಾ?”

“ಅಲ್ಲಲ್ಲಿ ಅತ್ತೆ. ಒಂದು ಕಡೆ ಹಿಡ್ಕೊಳ್ಳುತ್ತೆ, ಆಮೇಲೆ ಸಲೀಸು, ಮತ್ತೆ ಹಿಡ್ಕೊಳ್ಳುತ್ತೆ.”

“ಸದ್ದು?”

“ಮೊದಲು ಕೀಚ್ ಕೀಚ್ ಅಂತಿತ್ತು. ಆಮೇಲೆ ತಾನೇ ನಿಂತುಹೋಯ್ತು. ಮತ್ತೆ ಶುರುವಾಯ್ತು, ಮತ್ತೆ ನಿಂತಿತು.”

“ತಾನೇ?”

“ನಾನಂತೂ ಏನೂ ಮಾಡಿಲ್ಲ.”

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಅವರು ಹಾಗೆ ಒರೆಸಿದರೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದರ್ಥ.

“ಮುಂದಿನ ಎರಡೂ ಚಕ್ರ ಜಾಕ್ ಮೇಲೆ ಎತ್ತಪ್ಪ,” ಎಂದು ಮೆಕ್ಯಾನಿಕ್‌ಗೆ ಹೇಳಿದರು. “ನೀನು ಹತ್ತಿ ಕೂತು ಸ್ಟೀರಿಂಗ್ ತಿರುಗಿಸೋ.”

ಎರಡನೆಯ ಮಾತು ನನಗೆ ಹೇಳಿದ್ದು. ತಿರುಗಿಸಿದೆ. ಸಲೀಸು — ಬಿಗಿ — ಸಲೀಸು — ಬಿಗಿ. ಅರ್ಧ ಸುತ್ತಿಗೊಮ್ಮೆ ಯಾರೋ ಆ ಕಡೆಯಿಂದ ಹಿಡಿದಂತೆ.

“ಚಕ್ರ ನೆಲಕ್ಕೆ ತಾಗ್ತಿಲ್ಲ, ಆದ್ರೂ ಬಿಗಿ. ಟೈರ್ ನಿರಪರಾಧಿ,” ಎಂದರು ಅತ್ತೆ. “ಈಗ ಸ್ಟೀರಿಂಗ್‌ನಿಂದ ಇಳಿಯೋ ರಾಡನ್ನ ಚಕ್ರ ತಿರುಗಿಸೋ ಕೆಳಗಿನ ಬಾಕ್ಸಿಂದ ಬಿಚ್ಚು.”

ಮೆಕ್ಯಾನಿಕ್ ಗೊಣಗುತ್ತಲೇ ಬಿಚ್ಚಿದ. ಅವನು ಕೈಯಿಂದ ತಿರುಗಿಸಿದಾಗ ಕೆಳಗೆ ಬಾಕ್ಸ್ ನಯವಾಗಿ ತಿರುಗಿತು, ಚಕ್ರಗಳು ಹೇಳಿದ ಮಾತು ಕೇಳಿದವು. ನನ್ನ ಕೈಯಲ್ಲಿ ಮಾತ್ರ ಅದೇ ಬಿಗಿ! ಚಕ್ರದ ಹಂಗೇ ಇಲ್ಲದ ಸ್ಟೀರಿಂಗ್ ಹೀಗೆ ಹಟ ಮಾಡುವುದೆಂದರೇನು? ಮೂಲೆಯಲ್ಲಿ ಭಾವ ಎದ್ದು ನಿಂತರು.

“ಅಂದ್ರೆ ಕಳ್ಳ ನಡುವೆ ಇದ್ದಾನೆ,” ಎಂದರು ಅತ್ತೆ.

ಮೆಕ್ಯಾನಿಕ್ ಪೆಡಲುಗಳ ಹತ್ತಿರ ತಲೆ ತೂರಿಸಿ ಟಾರ್ಚ್ ಬಿಟ್ಟ. ಅಲ್ಲಿ ಎರಡು ರಾಡ್‌ಗಳನ್ನು ಸೇರಿಸುವ ಕೀಲೊಂದಿತ್ತು. ಅದು ಎರಡೂ ಕಡೆ ಸರಾಗವಾಗಿ ಬಾಗಬೇಕು. ಕೆಂಪು ತುಕ್ಕು ತಿಂದು ಅದು ಒಂದು ಕಡೆ ಸೆಟೆದುಕೊಂಡಿತ್ತು; ಅದಕ್ಕೇ ಅರ್ಧ ಸುತ್ತಿಗೊಮ್ಮೆ ಆ ಬಿಗಿ.

“ಅಯ್ಯೋ, ಇದನ್ನ ನೋಡಲೇ ಇಲ್ಲ ನಾನು,” ಎಂದ. “ಹಳೇ ಗಾಡಿ. ಗ್ರೀಸ್ ಒಣಗಿದೆ.”

“ಒಣಗಿದ ಗ್ರೀಸ್ ಗಟ್ಟಿಯಾಗಿ ಅಲ್ಲೇ ಅಂಟಿರುತ್ತೆ. ಅಂಟಿದೆಯಾ?”

“ಇಲ್ಲ. ತೊಳೆದಿಟ್ಟ ಹಾಗಿದೆ.”

“ಯಾರು ತೊಳೆದ್ರು?”

ಅಕ್ಕ ಯಾವಾಗ ಬಂದಳೋ, ಶೆಡ್ಡಿನ ಕಂಬ ಹಿಡಿದು ನಿಂತಿದ್ದಳು.

ಅತ್ತೆ ಬಗ್ಗಿ ಕಾಲಡಿಯ ರಬ್ಬರ್ ಮ್ಯಾಟನ್ನು ಎಳೆದು ಹೊರಗೆ ಹಾಕಿದರು. ಕೀಲಿನ ನೇರ ಕೆಳಗೆ ಅದು ಉಬ್ಬಿ ಸುಕ್ಕಾಗಿತ್ತು. ಉಳಿದ ಕಡೆ ನೆಟ್ಟಗಿತ್ತು.

“ಅದು ಹಳೇದಲ್ವಾ?” ಎಂದರು ಅಪ್ಪ. ದನಿ ಸ್ವಲ್ಪ ಇಳಿದಿತ್ತು.

“ರಬ್ಬರ್ ಹಳೇದಾದ್ರೆ ಬಿರುಕು ಬಿಡುತ್ತೆ, ಉಬ್ಬಲ್ಲ. ಉಬ್ಬೋದು ಎಣ್ಣೆ ಕುಡಿದ್ರೆ. ಈ ಗಾಡೀಲಿ ಕುಡಿದಿರೋದು ಈ ಮ್ಯಾಟ್ ಒಂದೇ!” ಅತ್ತೆ ಅದನ್ನು ಮೆಕ್ಯಾನಿಕ್‌ನ ಮೂಗಿಗೆ ಹಿಡಿದರು. “ಏನಪ್ಪ ಇದು?”

“ಸೀಮೆಎಣ್ಣೆ.”

ನಾನೂ ಮೂಸಿದೆ. ನನಗೇನೂ ತಿಳಿಯಲಿಲ್ಲ. ಹೇಗೆ ತಿಳಿದೀತು? ಗಾಜು ಕೊಯ್ಯುವ ಕಟರನ್ನು ಸೀಮೆಎಣ್ಣೆಗೆ ಅದ್ದದೆ ಅಪ್ಪ ಒಂದು ಗೆರೆಯನ್ನೂ ಎಳೆದವರಲ್ಲ. ಅಂಗಡಿಯಲ್ಲಿ ಅದೇ ವಾಸನೆ, ಬಟ್ಟೆಯಲ್ಲಿ ಅದೇ, ಅನ್ನದಲ್ಲೂ ಅದೇ. ನಮ್ಮ ಮನೆಯವರ ಮೂಗು ಸತ್ತು ಎಷ್ಟೋ ಕಾಲವಾಗಿತ್ತು. ಬಾಗಿಲು ಕಿರುಗುಟ್ಟಿದರೆ ಸೀಮೆಎಣ್ಣೆ, ಬೀಗ ಹಿಡಿದರೆ ಸೀಮೆಎಣ್ಣೆ, ಅಪ್ಪನ ಮಂಡಿ ನೋವಿಗೂ ಅದೇ ಮದ್ದು.

“ಹಳೇ ಗಾಡೀಲಿ ಸದ್ದು ತಾನಾಗಿ ಶುರುವಾಗುತ್ತೆ,” ಎಂದರು ಅತ್ತೆ. “ತಾನಾಗಿ ನಿಲ್ಲಲ್ಲ. ನಿಂತಿದೆ ಅಂದ್ರೆ ಯಾರೋ ನಿಲ್ಲಿಸಿದ್ದಾರೆ. ಯಾರೋ ತಮ್ಮಾ ಅದು?”

ಅಪ್ಪನ ಮುಖ ಸಣ್ಣದಾಯಿತು.

“ಕೀಚ್ ಅನ್ನೋದು ಕೇಳಕ್ಕಾಗ್ತಿರಲಿಲ್ಲ ಅಕ್ಕ. ಸ್ವಲ್ಪ ಬಿಟ್ಟೆ. ನಿಂತುಹೋಯ್ತು. ಮತ್ತೆ ಅಂತು, ಮತ್ತೆ ಬಿಟ್ಟೆ. ಒಳ್ಳೇದಕ್ಕೇ ಮಾಡಿದ್ದು.”

“ಕಟರಿಗೆ ಅದು ಸರಿ. ಕೀಲಿಗೆ ಬಿಟ್ರೆ ಗ್ರೀಸ್ ತೊಳ್ಕೊಂಡು ಹೋಗುತ್ತೆ. ಸದ್ದು ನಿಲ್ಲುತ್ತೆ, ನಿನಗೆ ಖುಷಿ. ಎಣ್ಣೆ ಆರುತ್ತೆ, ತುಕ್ಕು ಹಿಡಿಯುತ್ತೆ, ಮತ್ತೆ ಕೀಚ್. ನೀನು ಮತ್ತೆ ಡಬ್ಬಿ ತರ್ತೀಯ. ಕನ್ನಡಿ ಒಡೆದದ್ದು ನೀನೇ ಕಣೋ. ಇವನ ಹತ್ತಿರ ವಾಸನೆ ಇತ್ತು ಅಂದೆಯಲ್ಲ — ಅದು ನಿನ್ನ ಡಬ್ಬಿದು. ಏನೋ ಅಂತ ಹತ್ತಿತು, ಯಾವುದು ಅಂತ ಆ ಸತ್ತ ಮೂಗಿಗೆ ತಿಳೀಲಿಲ್ಲ.”

ಮೆಕ್ಯಾನಿಕ್ ಹೊಸ ಕೀಲು ತಂದು ಕೂರಿಸಿದ, ಗ್ರೀಸ್ ಮೆತ್ತಿದ, ರಾಡ್ ಸೇರಿಸಿ ಜಾಕ್ ಇಳಿಸಿದ. ಭಾವ ಶೆಡ್ಡಿನ ಮುಂದೆ ಒಂದು ಸುತ್ತು ಹೊಡೆದು ಬಂದರು. ಸ್ಟೀರಿಂಗ್ ಎಲ್ಲೂ ಹಿಡಿಯಲಿಲ್ಲ. ನಾನು ಸಂತೋಷಕ್ಕೆ ಚಪ್ಪಾಳೆ ತಟ್ಟಿದೆ. ಬೇರೆ ಯಾರೂ ತಟ್ಟಲಿಲ್ಲ.

“ಆಯ್ತಲ್ಲ, ಮನೆಗೆ ನಡಿ,” ಎಂದರು ಅಪ್ಪ, ಭಾವನ ಮುಖ ನೋಡದೆ.

“ಬರಲ್ಲ ಮಾವ.”

“ಕೋಪಾನಾ?”

“ಕೋಪ ಅಲ್ಲ, ಬೇಜಾರು. ಊದು ಅಂದ್ರಿ, ಊದಿದೆ. ಇವತ್ತು ಅತ್ತೆ ಇದ್ರು. ನಾಳೆ ಲೋಟ ಕೈಜಾರಿದ್ರೆ ಮತ್ತೆ ಊದಬೇಕಲ್ಲ?”

ಅಪ್ಪ ಅಕ್ಕನ ಕಡೆ ನೋಡಿದರು. ಅವಳಾದರೂ ಗಂಡನಿಗೆ ಬುದ್ಧಿ ಹೇಳಲಿ ಎಂಬಂತೆ.

“ನಾನೂ ಹೋಗ್ತೀನಿ ಅಪ್ಪ,” ಎಂದಳು ಅಕ್ಕ. ಅವಳ ಕಣ್ಣು ಆಗ ತುಂಬಿತು. “ಕುಡಿದ್ರಾ ಅಂತ ಒಂದು ಮಾತು ಕೇಳದೆ ಅಂಗಿ ಮಡಿಸಿದೆನಲ್ಲ ನಾನು! ಇಲ್ಲಿದ್ರೆ ನಾನೂ ಇವರ ಬಾಯಿ ಮೂಸೋಳೇ ಆಗ್ತೀನಿ.”

ಅಪ್ಪ ಅತ್ತೆಯನ್ನು ನೋಡಿದರು. ಅತ್ತೆ ಕನ್ನಡಕ ಸರಿಪಡಿಸಿಕೊಂಡು ಬೇರೆ ಕಡೆ ತಿರುಗಿದರು.

“ನೃತ್ಯಶಾಲೆಯವರಿಗೆ ಬೇರೆ ಕನ್ನಡಿ ಕೊಯ್ತೀನಿ,” ಎಂದರು ಅಪ್ಪ ಕೊನೆಗೆ, ಮೆಲ್ಲಗೆ. “ಯಾರು ತಗೊಂಡು ಹೋಗೋದು?”

“ಬೆಳಗ್ಗೆ ಬರ್ತೀನಿ ಮಾವ. ಕೆಲಸಕ್ಕೆ.”

“ಊಟ ಆದ್ರೂ ಮಾಡ್ಕೊಂಡು ಹೋಗಿ.”

ಭಾವ ಅಕ್ಕನ ಮುಖ ನೋಡಿದರು. ಅಕ್ಕ ಹೂಂ ಎಂದು ತಲೆಯಾಡಿಸಿದಳು. ಅಪ್ಪ ಎಲ್ಲರಿಗಿಂತ ಮುಂದೆ ದಾಪುಗಾಲು ಹಾಕಿ ಮನೆಯೊಳಗೆ ಹೋದರು. ನಾವು ಹೋಗುವಷ್ಟರಲ್ಲಿ ಸೋಪು ಹಚ್ಚಿ ಕೈ ಉಜ್ಜಿಕೊಳ್ಳುತ್ತಿದ್ದರು. ಉಜ್ಜುತ್ತಾರೆ, ಮೂಗಿಗೆ ಹಿಡಿಯುತ್ತಾರೆ, ಮತ್ತೆ ಉಜ್ಜುತ್ತಾರೆ.

“ನೋಡಪ್ಪ,” ಎಂದು ಭಾವನ ಮುಂದೆ ಎರಡೂ ಕೈ ಚಾಚಿದರು. “ನನಗೆ ಗೊತ್ತಾಗಲ್ಲ. ವಾಸನೆ ಹೋಯ್ತಾ? ಬಡಿಸಬಹುದಾ?”