ಡೇರೆಯ ಮಾತು ಮಾತ್ರ

ಆವತ್ತು ಇಸ್ಹಾಕ್ ಬಂದವನೇ ಕುರ್ಚಿಯನ್ನು ತಿರುಗಿಸಿ, ಬಿದಿರಿನ ಪರದೆಗೆ ಬೆನ್ನು ಹಾಕಿ ಕೂತ.

ಪರದೆಯ ಹಿಂದೆ ಮಗುವನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದ ಖುರ್ಷಿದ್‌ಗೆ ತಲೆ ಬುಡ ಅರ್ಥವಾಗಲಿಲ್ಲ. ನಿನ್ನೆಯವರೆಗೂ ಈ ಮನುಷ್ಯ ಪರದೆಯ ಕಡೆಗೇ ಮುಖ ಮಾಡಿ ಕೂರುತ್ತಿದ್ದ. ಅವನಿಗೆ ಒಳಗಿನವರು ಕಾಣುತ್ತಿರಲಿಲ್ಲ, ನಿಜ. ಒಳಗಿನವರಿಗೆ ಮಾತ್ರ ಅವನು ಚೆನ್ನಾಗಿಯೇ ಕಾಣುತ್ತಿದ್ದ. ನಗು ಬಂದರೆ ಮೊದಲು ಎಡ ಹುಬ್ಬು ಮೇಲೇಳುವುದು, ಆಮೇಲೆ ತುಟಿ ಬಿಚ್ಚುವುದು, ಯಾರಾದರೂ ನೋಡಿಬಿಟ್ಟರೇನೋ ಎಂದು ಕೊನೆಗೆ ಟೋಪಿ ಸರಿಮಾಡಿಕೊಳ್ಳುವುದು, ಎಲ್ಲವೂ ಎರಡು ವಾರದಲ್ಲಿ ಅವಳಿಗೆ ಬಾಯಿಪಾಠವಾಗಿತ್ತು. ಇವತ್ತು ಕಂಡದ್ದು ಬರೀ ಖಾಕಿ ಅಂಗಿಯ ಬೆನ್ನು. ಬೆನ್ನು ನೋಡಿ ಯಾರು ಏನು ತಿಳಿದುಕೊಂಡಾರು, ನೀವೇ ಹೇಳಿ.

ವಿಷಯ ಶುರುವಾದದ್ದು ಹೀಗೆ. ಮುಸ್ಲಿಂ ಪಂಚಾಂಗದ ಸಫರ್ ತಿಂಗಳ ಕೊನೆಯ ಬುಧವಾರ ಊರಾಚೆಯ ತೋಪಿಗೆ ಹೋಗಿ, ಹಸಿರು ಹುಲ್ಲು ತುಳಿದು, ಅಲ್ಲೇ ಬೇಯಿಸಿ ಉಂಡು ಬರುವುದು ದೊಡ್ಡಬಳ್ಳಾಪುರದ ಜವಳಿ ವ್ಯಾಪಾರಿ ಸನಾವುಲ್ಲಾ ಸಾಹೇಬರ ಮನೆಯ ಪದ್ಧತಿ. ಯುದ್ಧದ ವರ್ಷಗಳಲ್ಲಿ ಅಕ್ಕಿಗೂ ರೇಷನ್ನು, ಸೀಮೆಎಣ್ಣೆಗೂ ರೇಷನ್ನು, ತೋಪಿನ ನೆನಪೇ ಯಾರಿಗೂ ಬಂದಿರಲಿಲ್ಲ. ಯುದ್ಧ ಮುಗಿದ ಮೇಲಿನ ಮೊದಲ ಜನವರಿಯಲ್ಲಿ ಸಾಹೇಬರ ತಾಯಿ ಅಖ್ತರ್ ಬೇಗಂ ಹಟ ಹಿಡಿದರು. ಒಂದು ಹೊತ್ತು ಉಂಡು ಓಡಿ ಬರುವುದಲ್ಲ, ಈ ಸಲ ಎರಡು ರಾತ್ರಿ ಡೇರೆ ಹಾಕಿ ಅಲ್ಲೇ ಇರಬೇಕು, ಅದೂ ಮೊಣಕಾಲು ನೋಯದ ಹಾಗೆ, ಚಳಿಗೆ ಹಲ್ಲು ಕಟಕಟಿಸದ ಹಾಗೆ, ಸುಖವಾಗಿ ಇರಬೇಕು ಎಂದರು.

ಡೇರೆ ಇದ್ದದ್ದು ಇಸ್ಹಾಕ್ ಹತ್ತಿರ. ನೆಲಮಂಗಲದಿಂದ ಆರು ತಿಂಗಳ ಹಿಂದೆ ಬಂದು ನೆಲೆಸಿದ ಗುಲಾಮ್ ರಸೂಲ್ ಅವರ ಮಗ ಅವನು. ಯುದ್ಧಕಾಲದಲ್ಲಿ ಮಿಲಿಟರಿಯಲ್ಲಿ ಡೇರೆ ಹಾಕಿಸುವ ಕೆಲಸ ಮಾಡಿ, ಈಗ ಹರಾಜಿನಲ್ಲಿ ಎರಡು ಡೇರೆ ಹಿಡಿದು ಮದುವೆ ಮನೆಗಳಿಗೆ ಬಾಡಿಗೆ ಕೊಡುತ್ತಿದ್ದ. ತೋಪು ರಾಜಘಟ್ಟದ ಸಂಜೀವಪ್ಪನವರದು, ಸಾಹೇಬರಿಗೆ ಹಳೆಯ ಸ್ನೇಹಿತರು. ದಿನಾ ಸಂಜೆ ಸಾಹೇಬರು, ಸಂಜೀವಪ್ಪ, ಇಸ್ಹಾಕ್ ಮೂವರೂ ಜಗಲಿಯ ಮೇಲೆ ಕೂತು ಮಾತಾಡುತ್ತಿದ್ದರು. ಸಂಜೀವಪ್ಪನವರಿಗೆ ಉರ್ದು ಬಾರದು, ಹಾಗಾಗಿ ಮಾತೆಲ್ಲ ಕನ್ನಡದಲ್ಲೇ.

ದಾದಿಮಾ, ಅಂದರೆ ಅಖ್ತರ್ ಬೇಗಂ, ವಯಸ್ಸಾದವರಾದ್ದರಿಂದ ಪರದೆಯ ಹೊರಗೇ, ಅದರ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂರುತ್ತಿದ್ದರು. ಆದರೆ ಏನೇನು ಬೇಕು ಎಂದು ಪಟ್ಟಿ ಮಾಡಲು ಅವರಿಗೆ ಅಕ್ಷರ ಬಾರದು. ಅತ್ತಿಗೆ ದಿಲ್ಶಾದ್ ಪರರ ಮುಂದೆ ತುಟಿ ಬಿಚ್ಚುವವಳಲ್ಲ. ಅವಳ ಗಂಡ, ಖುರ್ಷಿದ್‌ಳ ಅಣ್ಣ, ಗುಂತಕಲ್ಲಿನಲ್ಲಿ ರೈಲ್ವೆ ಕೆಲಸದಲ್ಲಿದ್ದ. ಅತ್ತಿಗೆ ಚಹಾ ತಂದು ಪರದೆಯ ಕೆಳಗೆ ಸರಿಸಿದರೆ ಹೊರಗೆ ಕೇಳುವುದು ಬಳೆಯ ಸದ್ದಷ್ಟೆ. ಅಮ್ಮ ಇಲ್ಲದ ಮನೆ. ಉಳಿದವಳು ಸಾಹೇಬರ ಮಗಳು ಖುರ್ಷಿದ್ ಒಬ್ಬಳೇ.

"ಡೇರೆ ಮಾತು ಮಾತ್ರ ಆಡು," ಎಂದು ದಾದಿಮಾ ಮೊದಲ ದಿನವೇ ಎಚ್ಚರಿಸಿದ್ದರು. "ಮದುವೆ ಆಗ್ದಿರೋ ಹುಡುಗಿ ನೀನು. ಬೇರೆ ಒಂದಕ್ಷರ ಹೊರಗೆ ಬಿದ್ರೆ ನಾಲಿಗೆ ಮೇಲೆ ಕೆಂಡ ಇಡ್ತೀನಿ."

ಡೇರೆಯ ಮಾತು ಅಂದರೆ ಎಷ್ಟು ಮಾತು ಅಂದುಕೊಂಡಿರಿ! ಬಾಗಿಲು ಯಾವ ಕಡೆ ಇರಬೇಕು? ಪೂರ್ವಕ್ಕೆ, ಬೆಳಗಿನ ಬಿಸಿಲು ಬೀಳುತ್ತೆ ಎಂದು ಅವಳು. ಪೂರ್ವಕ್ಕೆ ಕೆರೆ ಇದೆ, ಶೀತಗಾಳಿ ನೇರ ಬಂದು ದಾದಿಮಾ ಮೊಣಕಾಲು ಹಿಡಿಯುತ್ತೆ ಎಂದು ಅವನು. ಹಾಗಾದರೆ ಬಾಗಿಲಿನ ಮುಂದೆ ಇನ್ನೊಂದು ಬಟ್ಟೆಯ ಗೋಡೆ ನಿಲ್ಲಿಸಲಿ ಎಂದು ಅವಳು. ಅವನ ಎಡ ಹುಬ್ಬು ಮೇಲೆದ್ದಿತು.

ಹಾಸಿಗೆಯ ಕೆಳಗೆ ರಾಗಿ ಹುಲ್ಲೋ ಭತ್ತದ ಹುಲ್ಲೋ ಎಂಬುದಕ್ಕೇ ಒಂದು ಸಂಜೆ ಕಳೆಯಿತು. ರಾಗಿ ಹುಲ್ಲು ಮೆತ್ತಗಿರುತ್ತದೆ ಎಂದು ಅವನು ಹೇಳಿದ್ದೇ ತಡ, ಅವಳು ದಾದಿಮಾ ಕಡೆ ತಿರುಗಿ, ಹೊರಗೆ ಕೇಳುವಷ್ಟು ಗಟ್ಟಿಯಾಗಿಯೇ ಕೇಳಿದಳು.

"ಅವರು ಯಾವತ್ತಾದ್ರೂ ಅದರ ಮೇಲೆ ಮಲಗಿದಾರಾ, ಕೇಳಿ ದಾದಿಮಾ."

"ಮೂರು ವರ್ಷ ಬರೀ ನೆಲದ ಮೇಲೆ ಮಲಗಿದೀನಿ," ಎಂದ ಇಸ್ಹಾಕ್ ಪರದೆಗೆ. "ಹುಲ್ಲಿನ ಸುಖ ನಂಗೊತ್ತಿಲ್ಲ. ಒಳಗಿನವರು ಹೇಳಿದ್ದೇ ಆಗ್ಲಿ."

ಅದನ್ನು ಹೇಳಿದ ದನಿಗೇ ಖುರ್ಷಿದ್‌ಳ ಕಿವಿ ಬೆಚ್ಚಗಾಯಿತು. ಮುಚ್ಚುಮರೆ ಯಾಕೆ, ಅವಳಿಗೆ ಅವನ ಮೇಲೆ ಮನಸ್ಸಾಗಿತ್ತು. ಸಂಜೆ ಯಾವಾಗ ಆಗುತ್ತದೋ ಎಂದು ಮಧ್ಯಾಹ್ನದಿಂದಲೇ ಬೀದಿಯ ಸದ್ದಿಗೆ ಕಿವಿಗೊಡುತ್ತಿದ್ದಳು.

ಮನಸ್ಸಾದರೆ ಸಾಕೇ? ಹೊಸಕೋಟೆಯ ಮರದ ವ್ಯಾಪಾರಿಯೊಬ್ಬರ ಮನೆಯಿಂದ ಅವಳಿಗೆ ಸಂಬಂಧ ಬಂದಿತ್ತು. ಅಬ್ಬಾ, ಅಂದರೆ ಸಾಹೇಬರು, ದಾದಿಮಾ ಎದುರಿನಲ್ಲೇ ಕೇಳಿದ್ದರು, ಅವಳು ತಲೆ ತಗ್ಗಿಸಿ ಸುಮ್ಮನಿದ್ದಳು. ಮೌನಂ ಸಮ್ಮತಿ ಲಕ್ಷಣಂ ಅಂತ ಎಲ್ಲ ಜಾತಿಯವರೂ ನಂಬುತ್ತಾರೆ, ಅಬ್ಬಾ ಕೂಡ ನಂಬಿದರು. ತೋಪಿನಿಂದ ಗುರುವಾರ ವಾಪಸು ಬಂದ ಕೂಡಲೇ ಒಪ್ಪಿಗೆಯ ಕಾಗದ ಹೋಗುವುದೆಂದು ಗೊತ್ತಾಗಿತ್ತು. ಅಷ್ಟರೊಳಗೆ ಇಸ್ಹಾಕ್ ಮನೆಯಿಂದ ಯಾರಾದರೂ ಬಂದು ಕೇಳಿದರೆ ಉಂಟು, ಇಲ್ಲದಿದ್ದರೆ ಅವಳ ಬಾಳು ಹೊಸಕೋಟೆಗೆ.

ಅಂಥ ಹೊತ್ತಿನಲ್ಲಿ ಈ ಬೆನ್ನು!

ತಾನೇನು ತಪ್ಪು ಮಾಡಿದೆ ಎಂದು ಅವಳು ನಿನ್ನೆಯ ಸಂಜೆಯನ್ನು ಜಾಲಾಡಿದಳು. ಸೌದೆಯ ಮಾತು ನಡೆದಿತ್ತು. ನಡುವೆ ಅತ್ತಿಗೆಯ ಮಗು ಕಿಟಾರನೆ ಕಿರುಚಿಕೊಂಡಿತು. "ನನ್ನ ಬಂಗಾರ, ನನ್ನ ಚಿನ್ನ, ಅಳಬೇಡ್ವೋ," ಎಂದು ಖುರ್ಷಿದ್ ಎತ್ತಿಕೊಂಡು ಮುದ್ದಿಸಿ ಮತ್ತೆ ಸೌದೆಯ ಮಾತಿಗೆ ಬಂದಳು. ಅವನು ಯಾಕೋ ಬೇಗ ಎದ್ದು ಹೋದ. ಅಷ್ಟೇ. ಸೌದೆ ಒಣಗಿರಬೇಕು ಎಂದದ್ದಕ್ಕೆ ಯಾರಾದರೂ ಮುನಿಸಿಕೊಳ್ಳುತ್ತಾರೆಯೇ?

ಆಮೇಲಿನ ದಿನಗಳು ಇನ್ನೂ ಗೊಂದಲ. ಅವಳು ಏನು ಕೇಳಿದರೂ ಅವನು ದಾದಿಮಾಗೆ ಮಾತ್ರ ಉತ್ತರ ಕೊಡುವನು, ಹೂಂ ಅಥವಾ ಊಹೂಂ. ಆದರೆ ಡೇರೆಯ ಸೌಕರ್ಯ ಮಾತ್ರ ದಿನದಿನಕ್ಕೆ ಬೆಳೆಯಿತು. ಹೆಂಗಸರ ಡೇರೆಗೆ ಎರಡು ಪದರದ ಬಟ್ಟೆ. ಇಬ್ಬನಿ ಸೋರದಂತೆ ಮೇಲೊಂದು ಟಾರ್ಪಾಲು. ಹಾಲು ಕಾಯಿಸಲು ಪಕ್ಕದಲ್ಲೇ ಪುಟ್ಟ ಒಲೆ. ಹಾಲನ್ನು ಯಾರು ಕೇಳಿದ್ದರು? ಯಾರೂ ಕೇಳಿರಲಿಲ್ಲ. ಮುಖ ತೋರಿಸದವನಿಗೆ ಇಷ್ಟು ಕಾಳಜಿ ಯಾತಕ್ಕೆ? ಪೂರ್ತಿ ಅಡ್ಡಗೋಡೆಯ ಮೇಲೆ ದೀಪ ಇಟ್ಟ ವ್ಯವಹಾರ.

ಒಂದು ಸಂಜೆ ತನ್ನ ಪಾಲಿನ ರೇಷನ್ ಸಕ್ಕರೆಯನ್ನೂ ಸೇರಿಸಿ ಅವನ ಚಹಾಕ್ಕೆ ಹಾಕಿ ಕಳಿಸಿದಳು. ಅವನು ಒಂದು ಗುಟುಕು ಕುಡಿದು, ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿ, ಅರ್ಧ ಹಾಗೇ ಇಟ್ಟು ಹೋದ. ಆ ಅರ್ಧ ಲೋಟ ತೊಳೆಯುವಾಗ ಖುರ್ಷಿದ್ ಅತ್ತುಬಿಟ್ಟಳು. ಹೊಸಕೋಟೆ ಸುದ್ದಿ ಅವರ ಕಿವಿಗೆ ಬಿದ್ದಿರಬೇಕು ಎಂದು ಅತ್ತಿಗೆ ಸಮಾಧಾನ ಹೇಳಿದಳು. ಬಿದ್ದಿದ್ದರೆ ಓಡಿ ಬರಬೇಕೋ, ಬೆನ್ನು ತಿರುಗಿಸಬೇಕೋ? ಅವಳಿಗೆ ಇದೂ ಅರ್ಥವಾಗಲಿಲ್ಲ.

ಸೋಮವಾರ ಬಂತು. ಬೆಳಗಾದರೆ ಗಾಡಿ ಕಟ್ಟುವ ದಿನ. ಇಸ್ಹಾಕ್ ಬಂದವನು ಕೂರಲೇ ಇಲ್ಲ. ನಿಂತುಕೊಂಡೇ ಹೇಳಿದ, ಡೇರೆ ಹಾಕಲು ಪಿಳ್ಳಪ್ಪ ಬರುತ್ತಾನೆ, ಕೆಲಸ ಬಲ್ಲವನು, ತಾನು ಬರುವುದಿಲ್ಲ.

ಸಾಹೇಬರು ಕಾರಣ ಕೇಳಿದರು. ಸಂಜೀವಪ್ಪನವರಿಗೆ ತಡೆಯಲಾಗಲಿಲ್ಲ. "ಏನಪ್ಪಾ ಇದು, ಅವರೆಕಾಯಿ ಸೊಗಡು ಈಗ ತಾನೇ ಬಂದೈತೆ, ನಿನಗೇಂತ ಎರಡು ಮೂಟೆ ತೆಗೆಸಿಟ್ಟಿವ್ನಿ," ಎಂದು ಗೊಣಗಿದರು. ಇಸ್ಹಾಕ್ ಜೇಬಿನಿಂದ ಒಂದು ಕಾಗದ ತೆಗೆದು, ಯಾರ್ಯಾರು ಎಲ್ಲೆಲ್ಲಿ ಮಲಗಬೇಕೆಂದು ಬರೆದಿದ್ದೇನೆ, ಪಿಳ್ಳಪ್ಪನಿಗೆ ತೋರಿಸಿದರೆ ಸಾಕು ಎಂದು ದಾದಿಮಾ ಕೈಗೆ ಕೊಟ್ಟ. ಕಾಗದ ಪರದೆಯ ಕೆಳಗಿನಿಂದ ಒಳಗೆ ಬಂತು.

ಖುರ್ಷಿದ್ ಅದನ್ನು ಎತ್ತಿಕೊಂಡಳು. ಕಣ್ಣು ಮಂಜಾಗಿ ಮೊದಲು ಏನೂ ಕಾಣಲಿಲ್ಲ. ಒರೆಸಿಕೊಂಡು ನೋಡಿದಳು. ಪೆನ್ಸಿಲಿನಲ್ಲಿ ಡೇರೆಯ ಚಿತ್ರ. ನಡುಗಂಬದ ಹತ್ತಿರ ದಾದಿಮಾ ಮಂಚ. ಅದಕ್ಕೆ ತಗುಲಿದಂತೆ ಒಂದು ಹಾಸಿಗೆ, ಅದರ ಮೇಲೆ 'ಮನೆ ಹುಡುಗಿ' ಎಂದು ಬರೆದಿತ್ತು. ಗಾಳಿ ಬೀಸದ, ಬಿಸಿಲು ಮೊದಲು ಬೀಳುವ, ಒಲೆಗೆ ಹತ್ತಿರದ, ಎಲ್ಲಕ್ಕಿಂತ ಒಳ್ಳೆಯ ಮೂಲೆಯಲ್ಲಿ ಇನ್ನೊಂದು ಹಾಸಿಗೆ. ಅಲ್ಲಿ 'ಮಾತಾಡುವವರು' ಎಂದಿತ್ತು. ಆ ಹಾಸಿಗೆಯ ಮೇಲುಗಡೆ ಎರಡು ಕಂಬಕ್ಕೆ ಕಟ್ಟಿದ ಹಗ್ಗ, ಅದರಲ್ಲೊಂದು ಮಗುವಿನ ಜೋಲಿ.

ಅವಳು ಮೂರು ಸಲ ಓದಿದಳು. ಮೂರನೆಯ ಸಲಕ್ಕೆ ಎಲ್ಲ ಬಿಚ್ಚಿಕೊಂಡಿತು.

ಮಾತಾಡುವವಳು ಬೇರೆ, ಮನೆ ಹುಡುಗಿ ಬೇರೆ ಅಂದುಕೊಂಡಿದ್ದ ಪುಣ್ಯಾತ್ಮ! ಅವನದೂ ತಪ್ಪಲ್ಲ. ಮದುವೆಯಾಗದ ಹುಡುಗಿ ಪರಗಂಡಸಿನ ಕಿವಿಗೆ ಬೀಳುವಂತೆ ಮಾತಾಡುವುದು ಅವರಲ್ಲಿ ತೀರ ಅಪರೂಪ. ಬಳೆ ಸದ್ದು ಮಾಡಿ ಸರಿದು ಹೋಗುವವಳೇ ಹುಡುಗಿ, ಧೈರ್ಯವಾಗಿ ವಾದ ಹೂಡುವವಳು ಸೊಸೆ. ಅದರ ಮೇಲೆ ಮಗು ಅತ್ತಾಗ 'ನನ್ನ ಬಂಗಾರ' ಎಂದು ಮುದ್ದಿಸಿದ್ದೂ ಅದೇ ದನಿ.

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂತು. ಹೊರಗೆ ಅವನು ಚಪ್ಪಲಿ ಹುಡುಕುತ್ತಿದ್ದ. ಈಗ ಸುಮ್ಮನಿದ್ದರೆ ಆ ಮನುಷ್ಯ ಮೆಟ್ಟಿಲಿಳಿದು ಹೋಗುತ್ತಾನೆ, ಗುರುವಾರ ಕಾಗದ ಹೋಗುತ್ತದೆ.

"ದಾದಿಮಾ," ಎಂದಳು. "ಅವರಿಗೆ ಹೇಳಿ, ಜೋಲಿ ಇರೋ ಜಾಗ ತಪ್ಪಾಗಿದೆ. ಮಗು ದಿಲ್ಶಾದ್ ಭಾಬೀದು. ಭಾಬಿ ಮಾತಾಡಲ್ಲ. ಮಾತಾಡೋಳ ಮೂಲೇಲಿ ಜೋಲಿ ಬೇಡ. ಅಲ್ಲಿ ನಾನೊಬ್ಳೇ."

ಜಗಲಿಯ ಮೇಲೆ ಒಂದು ಚಪ್ಪಲಿ ಮೆಟ್ಟಿದ್ದ ಕಾಲು, ಮೆಟ್ಟದಿದ್ದ ಕಾಲು, ಎರಡೂ ಅಲ್ಲೇ ನಿಂತವು. ಇಸ್ಹಾಕ್ ನಿಧಾನವಾಗಿ ತಿರುಗಿದ. ಎಷ್ಟೋ ದಿನಗಳ ಮೇಲೆ ಖುರ್ಷಿದ್ ಅವನ ಮುಖ ನೋಡಿದಳು. ನಿದ್ದೆಗೆಟ್ಟು ಕಣ್ಣಿನ ಕೆಳಗೆ ಕಪ್ಪಾಗಿತ್ತು. ಅವನು ಪರದೆಯನ್ನೂ ಸಾಹೇಬರನ್ನೂ ಒಂದೊಂದು ಸಲ ನೋಡಿದ, ಹುಬ್ಬು ಏಳಲೋ ಬೇಡವೋ ಎಂಬಂತೆ ಅದುರಿತು.

"ಚಾಚಾ, ಬೈದ್ರೂ ಸರಿ, ಹೇಳಿಬಿಡ್ತೀನಿ," ಎಂದ. "ಮೊದಲು ಮನೆ ಹುಡುಗಿ ಅಂತಾನೇ ಅಂದ್ಕೊಂಡಿದ್ದೆ. ಆ ಮಾತು ಕೇಳೋಕೇ ದಿನಾ ಬರ್ತಿದ್ದೆ. ಆಮೇಲೆ ಮಗು ಅತ್ತಿದ್ದು ಕೇಳಿಸ್ತು. ಇನ್ನೊಬ್ಬರ ಹೆಂಡ್ತಿ ಮಾತಿಗೆ ಆಸೆ ಪಟ್ಕೊಂಡು ಬರ್ತಿದೀನಲ್ಲಾ ಅಂತ ನಾಚಿಕೆ ಆಯ್ತು. ಅದಕ್ಕೇ ಬೆನ್ನು ತಿರುಗಿಸಿ ಕೂತೆ. ಅದಕ್ಕೇ ನಾಳೆ ಬರಲ್ಲ ಅಂದೆ."

ಸಂಜೀವಪ್ಪನವರು ಬಾಯಿಗೆ ಹಾಕಹೊರಟಿದ್ದ ಎಲೆಯಡಿಕೆಯನ್ನು ಕೈಯಲ್ಲೇ ಹಿಡಿದು ಕೂತರು. ದಾದಿಮಾ ಪರದೆಯ ಕಡೆ ಕೆಂಡದಂತೆ ನೋಡಿದರು. ಸಾಹೇಬರು ಮಾತ್ರ ಇಸ್ಹಾಕ್‌ನನ್ನು ಬಿಟ್ಟು ಪರದೆಗೆ ಕೇಳಿದರು.

"ಹೊಸಕೋಟೆ ವಿಷಯ ಕೇಳ್ದಾಗ ಸುಮ್ನೆ ಇದ್ಯಲ್ಲ, ಬೇಟಾ?"

ಇದು ಡೇರೆಯ ಮಾತಲ್ಲ. ಖುರ್ಷಿದ್ ಸೊಂಟದಲ್ಲಿದ್ದ ಮಗುವನ್ನು ಅತ್ತಿಗೆಯ ತೋಳಿಗೆ ಕೊಟ್ಟು, ಪರದೆಯ ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅದು ಒಪ್ಪಿಗೆ ಅಲ್ಲ ಅಬ್ಬಾ. ಇವರು ಕೇಳ್ತಾರೇನೋ ಅಂತ ಕಾಯ್ತಾ ಇದ್ದೆ."

ಬೀದಿಯಲ್ಲಿ ಯಾರದೋ ಮನೆಯ ಮಗ್ಗ ಲಟಕ್ ಲಟಕ್ ಎನ್ನುತ್ತಿತ್ತು. ಸಾಹೇಬರು ಗಡ್ಡ ನೀವಿಕೊಂಡರು. ಮಗಳು ತನ್ನ ಪಾಲಿಗೆ ಏನನ್ನಾದರೂ ಬಾಯಿಬಿಟ್ಟು ಕೇಳಿದ್ದು ಅವರಿಗೆ ನೆನಪಿರಲಿಲ್ಲ, ತಾಯಿ ಸತ್ತ ಮೇಲೆ ಹಬ್ಬದ ಬಟ್ಟೆಯನ್ನೂ ಕೇಳಿದವಳಲ್ಲ. ಇಸ್ಹಾಕ್ ಒಂದೇ ಚಪ್ಪಲಿಯಲ್ಲಿ ನಿಂತಿದ್ದ.

"ಚಾಚಾ," ಎಂದ ಅವನು ಮೆಲ್ಲಗೆ. "ಈಗ್ಲೇ ಹೋಗಿ ನಮ್ಮಮ್ಮನ್ನ ಕಳಿಸ್ತೀನಿ. ಆದ್ರೆ ಯಾರನ್ನ ಕೇಳ್ಬೇಕು ಅಂತ ಅಮ್ಮ ಕೇಳಿದ್ರೆ ಏನು ಹೇಳ್ಲಿ? ನಂಗೆ ಹೆಸರೇ ಗೊತ್ತಿಲ್ಲ."

ಮನೆಯ ಹೆಣ್ಣುಮಗಳ ಹೆಸರನ್ನು ಸಾಹೇಬರು ಹೊರಗಿನವರ ಎದುರು ಹೇಳುವವರಲ್ಲ. ಇಪ್ಪತ್ತು ವರ್ಷದ ಸ್ನೇಹಿತ ಸಂಜೀವಪ್ಪನವರಿಗೂ ಅದು ಗೊತ್ತಿರಲಿಲ್ಲ. ಒಳಗೆ ಖುರ್ಷಿದ್ ಪರದೆಗೆ ಇನ್ನೂ ಹತ್ತಿರ ಸರಿದಳು. ತಾನೇ ಹೇಳಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು.

ಸಾಹೇಬರು ಎದ್ದು ನಿಂತರು. ಅವನ ಇನ್ನೊಂದು ಚಪ್ಪಲಿಯನ್ನು ಕಾಲಿನಿಂದ ಅವನತ್ತ ಸರಿಸಿದರು.

"ಖುರ್ಷಿದ್," ಎಂದರು.